ಘಟ್ಟಕ್ಕೆ ನಾಲ್ಕು ಚಕ್ರ

ಡುವಾಲ್
೧೦ ನವೆಂಬರ್ ೨೦೨೪

ಪ್ರಿಯ ಪಂಕಜಾ ಮೇಡಂ,

ಮೊದಲು ಸುದ್ದಿ, ಆಮೇಲೆ ಕುಶಲಪ್ರಶ್ನೆ. ಕ್ರಮ ತಪ್ಪಿದೆಯೆಂದು ಬಲ್ಲೆ. ಆದರೆ ಸುದ್ದಿ ತಡೆಯುವಂಥದ್ದಲ್ಲ: ನನಗೆ ವಾಹನ ಚಾಲನೆಯ ಲೈಸೆನ್ಸ್ ಬಂದಿದೆ! ಅರವತ್ತೆಂಟನೆಯ ವಯಸ್ಸಿನಲ್ಲಿ, ಮೊದಲನೆಯ ಪ್ರಯತ್ನದಲ್ಲಿ. ಪರೀಕ್ಷಕಿ ಚಿಕ್ಕ ಹುಡುಗಿ. ರಸ್ತೆಯ ಅಂಚಿಗೆ ತೀರ ದೂರ ನಿಲ್ಲಿಸಿದೆನೆಂದು ಅಂಕ ಕಳೆದಳು. ಕಣ್ಣಳತೆ ಬೇಡ, ಇಳಿದು ಅಳೆದು ನೋಡು ಎಂದೆ. ಅಳೆದಳು. ಅಂಕ ಮರಳಿ ಬಂತು.

ಫೋನಿನಲ್ಲಿ ನಿಮಗೆ ಏನೂ ಕೇಳಿಸುವುದಿಲ್ಲ, ಕಿವಿಯ ಯಂತ್ರ ಶಿಳ್ಳೆ ಹೊಡೆಯುತ್ತದೆ ಎಂದು ನಿಮ್ಮ ಮಗ ಉದಯ್ ಹೇಳಿದ. ಆದ್ದರಿಂದ ಈ ಕಾಗದ. ಹೊಳಲ್ಕೆರೆಯ ಶಾಲೆಯಲ್ಲಿ ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತವರು ನಾವು. ಈಗ ಕಡಲಾಚೆಯ ಈ ದೇಶದ ಒಂದೇ ರಾಜ್ಯದಲ್ಲಿ, ಮಕ್ಕಳ ಮನೆಗಳಲ್ಲಿದ್ದೂ ನಡುವೆ ಒಂದು ಬೆಟ್ಟಸಾಲು. ಕಳೆದ ಜನವರಿಯಲ್ಲಿ ನಿಮ್ಮ ಯಜಮಾನರು ಅಶ್ವತ್ಥನಾರಾಯಣರು ತೀರಿಕೊಂಡಾಗ ನಾನು ಬರಲಾಗಲಿಲ್ಲ. ಆ ವಿಷಯವನ್ನು ಇಲ್ಲಿ ಬರೆಯುವುದಿಲ್ಲ.

ಮಗಳು ಶಾಲಿನಿ ಬೇಸಿಗೆಯಲ್ಲಿ ವಿದ್ಯುತ್ತಿನಿಂದ ಓಡುವ ಟ್ರಕ್ಕೊಂದನ್ನು ಕೊಂಡಳು. ಟ್ರಕ್ಕೆಂದರೆ ನಮ್ಮೂರಿನ ಮರಳಿನ ಲಾರಿಯನ್ನು ನೆನೆಯಬೇಡಿ. ಮುಂದೆ ಐವರು ಕೂರುವ ಕಾರು, ಹಿಂದೆ ತೆರೆದ ತೊಟ್ಟಿ. ತೊಟ್ಟಿಯಲ್ಲಿ ಕೋಳಿಗಳ ಮೇವು, ಹುಲ್ಲಿನ ಪಿಂಡಿ. ಈ ಊರಿನಲ್ಲಿ ವಾಹನ ಓಡಿಸಲು ಬಾರದವರು ಮನೆಯೊಳಗಿನ ಸಾಮಾನಿದ್ದ ಹಾಗೆ. ಯಾರಾದರೂ ಎತ್ತಿ ಇಟ್ಟ ಕಡೆ ಇರಬೇಕು. ನಾಲ್ಕು ವರ್ಷ ಹಾಗೆ ಇದ್ದೆ, ಸಾಕಾಯಿತು.

ಭೌತಶಾಸ್ತ್ರ ಕಲಿಸಿದವಳಿಗೆ ಈ ವಾಹನ ಒಂದು ಹಬ್ಬ. ಮುಂದಿನ ಗಾಲಿಗಳಿಗೊಂದು ಮೋಟಾರು, ಹಿಂದಿನವಕ್ಕೊಂದು. ಗಾಜಿನ ಫಲಕವನ್ನು ಒಂದು ಕಡೆ ಮುಟ್ಟಿದರೆ ನಾಲ್ಕು ಚಕ್ರಕ್ಕೂ ಬಲ ಹೋಗುತ್ತದೆ. ಇನ್ನೊಂದು ಕಡೆ ಮುಟ್ಟಿದರೆ ಹಿಂದಿನ ಮೋಟಾರು ಮಲಗುತ್ತದೆ, ಮುಂದಿನ ಎರಡೇ ಚಕ್ರ ಗಾಡಿಯನ್ನು ಎಳೆಯುತ್ತವೆ. ಇದಕ್ಕೆ ನಾನು ‘ಮಿತವ್ಯಯ’ವೆಂದು ಹೆಸರಿಟ್ಟಿದ್ದೇನೆ. ಪೆಡಲಿನಿಂದ ಕಾಲೆತ್ತಿದರೆ ವಾಹನ ತಾನೇ ನಿಧಾನಿಸಿ, ಆ ಚಲನೆಯನ್ನು ಮತ್ತೆ ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಕರಿಹಲಗೆಯ ಮೇಲೆ ಬಾಣ ಬರೆದು ನಾನು ಹೇಳುತ್ತಿದ್ದದ್ದು ಈಗ ನನ್ನ ಅಂಗಾಲಿನಡಿ ನಡೆಯುತ್ತಿದೆ!

ಮಿತವ್ಯಯದಲ್ಲಿ ನೂರಕ್ಕೆ ಹದಿನೈದರಷ್ಟು ಉಳಿತಾಯವೆಂದು ನನ್ನ ಸರಾಸರಿ ಹೇಳುತ್ತದೆ. ಚಳಿಗೆ ಬ್ಯಾಟರಿ ಕುಗ್ಗುವ ಈ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಈ ಚಳಿಗಾಲದಲ್ಲೇ ಘಟ್ಟ ದಾಟಿ ನಿಮ್ಮಲ್ಲಿಗೆ ಬರುತ್ತೇನೆ. ನಾನೇ ಓಡಿಸಿಕೊಂಡು.

ವಿಶ್ವಾಸವಿರಲಿ.
ವಸಂತಲಕ್ಷ್ಮಿ


ಎಲೆನ್ಸ್‌ಬರ್ಗ್
೧೮ ನವೆಂಬರ್ ೨೦೨೪

ವಸಂತಲಕ್ಷ್ಮಿಯವರಿಗೆ,

ಕಾಗದ ತಲುಪಿತು. ಹೆಡ್‌ಮೇಡಂ ಪರೀಕ್ಷಕಿಯನ್ನೇ ಪರೀಕ್ಷೆ ಮಾಡಿದ ಸಂಗತಿಯನ್ನು ಉದಯ್‌ಗೆ ಓದಿ ಹೇಳಿದೆ. ನಕ್ಕ. ಈ ಮನೆಯಲ್ಲಿ ನಗು ಕಂಡು ಬಹಳ ದಿನವಾಗಿತ್ತು. ‘ಕಂಡು’ ಎಂದೆ, ‘ಕೇಳಿ’ ಎಂದು ಬರೆಯಲಿಲ್ಲ, ಗಮನಿಸಿ.

ಕುಶಲಪ್ರಶ್ನೆ ಆಮೇಲೆ ಎಂದಿರಿ. ಕಾಗದ ಮುಗಿದರೂ ಅದು ಬರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಇಲ್ಲಿ ಗಾಳಿ. ಬೆಳಗಾದರೆ ಗಾಳಿ, ಸಂಜೆಗೂ ಗಾಳಿ. ಕಿಟಕಿ, ಕಿಟಕಿಯ ಬಳಿ ಕುರ್ಚಿ, ಕುರ್ಚಿಯಲ್ಲಿ ನಾನು.

ನಿಮ್ಮ ಸರಾಸರಿಯನ್ನು ಒಪ್ಪಲಾರೆ. ಕಣಿವೆಯ ಸಮತಟ್ಟು ರಸ್ತೆಯಲ್ಲಿ, ಮಳೆಯಲ್ಲಿ ಪಡೆದ ಅಂಕಿಯನ್ನು ಹಿಮ ಬಿದ್ದ ಘಟ್ಟಕ್ಕೆ ಅನ್ವಯಿಸುವುದು ಒಂಬತ್ತನೆಯ ತರಗತಿಯವರ ತಪ್ಪು. ಜಾರುವ ಚಕ್ರ ಸುತ್ತಿದರೆ ಶಕ್ತಿ ಖರ್ಚಾಗುತ್ತದೆ, ದೂರ ಸಾಗುವುದಿಲ್ಲ. ಅಲ್ಲದೆ, ಉಳಿತಾಯವನ್ನು ತಲುಪುವ ಸಂಭವದಿಂದ ಗುಣಿಸಬೇಕು. ಹದಿನೈದು ಉಳಿಸಿಕೊಂಡು ಚರಂಡಿಗೆ ಬಿದ್ದವರ ಉಳಿತಾಯವೆಷ್ಟು?

ಬರುವ ಸಾಹಸ ಬೇಡ. ಅವರು ಹೋದಾಗ ನೀವು ಕಳುಹಿಸಿದ ಕಾರ್ಡು ತಲುಪಿತ್ತು.

ಪಂಕಜಾ


ಡುವಾಲ್
೮ ಡಿಸೆಂಬರ್ ೨೦೨೪

ಪ್ರಿಯ ಪಂಕಜಾ ಮೇಡಂ,

ಕುಶಲವೇ? (ಈ ಸಲ ಮೊದಲ ಸಾಲಿನಲ್ಲೇ ಕೇಳಿದ್ದೇನೆ.)

ನಿಮ್ಮ ಚರಂಡಿಯ ಉದಾಹರಣೆ ನನ್ನನ್ನು ಮೂರು ದಿನ ಕಾಡಿತು. ವಾದದಿಂದ ತೀರುವ ವಿಷಯ ಇದಲ್ಲ, ಪ್ರಯೋಗವಾಗಬೇಕು ಎಂದು ನಿರ್ಧರಿಸಿದೆ. ನಮ್ಮ ಮನೆ ಗುಡ್ಡದ ಮೇಲೆ, ಪೇಟೆಯ ಬೀದಿ ಕೆಳಗೆ. ಗುರುವಾರ ಬೆಳಿಗ್ಗೆ ಕಣಿವೆಯಿಡೀ ಮಂಜು ತುಂಬಿ, ರಸ್ತೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಹೆಪ್ಪುಗಟ್ಟಿತ್ತು. ಪ್ರಯೋಗಕ್ಕೆ ಇದಕ್ಕಿಂತ ಪ್ರಶಸ್ತ ದಿನವುಂಟೇ! ಶಾಲಿನಿ ಪಕ್ಕದಲ್ಲಿ ಕುಳಿತಳು.

ಮೊದಲು ಮಿತವ್ಯಯ. ಇಳಿಜಾರಿನಲ್ಲಿ ಪೆಡಲಿನಿಂದ ಕಾಲೆತ್ತಿದೆ. ಹಿಂದಿನ ಮೋಟಾರು ಮಲಗಿತ್ತಲ್ಲವೇ, ನಿಧಾನಿಸುವ ಭಾರವೆಲ್ಲ ಮುಂದಿನ ಎರಡು ಚಕ್ರಗಳ ಮೇಲೇ ಬಿತ್ತು. ತಿರುಗಿಸಬೇಕಾದವೂ ಅವೇ, ತಡೆಯಬೇಕಾದವೂ ಅವೇ. ಎರಡು ಕೆಲಸ ಅವುಗಳಿಂದಾಗಲಿಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿದೆ, ಟ್ರಕ್ಕು ನೇರ ಹೋಗುತ್ತಿದೆ!

“ಅಮ್ಮಾ, ಮೇಲ್‌ಬಾಕ್ಸು! ಮೇಲ್‌ಬಾಕ್ಸು!”

“ಕಾಣ್ತಿದೆ ಕಣೇ, ಕಿರುಚಬೇಡ.”

“ಕಾಣ್ತಿದ್ರೆ ಅದರ ಕಡೆಗೇ ಯಾಕೆ ಹೋಗ್ತಿದೀಯ?”

ಅಂಚೆಪೆಟ್ಟಿಗೆಗೆ ಒಂದು ಗೇಣು ಇರುವಾಗ ನಿಂತೆವು. ಮೇಲಕ್ಕೆ ಬಂದು, ನಾಲ್ಕು ಚಕ್ರಕ್ಕೆ ಹಾಕಿ, ಅದೇ ಇಳಿಜಾರನ್ನು ಮತ್ತೆ ಇಳಿದೆ. ಕಾಲೆತ್ತಿದೆ. ನಾಲ್ಕೂ ಚಕ್ರಗಳು ಭಾರವನ್ನು ಹಂಚಿಕೊಂಡು, ಆನೆ ಕೆರೆಗಿಳಿಯುವ ಗಾಂಭೀರ್ಯದಲ್ಲಿ ಇಳಿದವು. ಮೇಡಂ, ಆ ವ್ಯತ್ಯಾಸವನ್ನು ನಾನು ಬೆನ್ನುಮೂಳೆಯಲ್ಲಿ ತಿಳಿದೆ. ಮೂವತ್ತೆರಡು ವರ್ಷ ಘರ್ಷಣೆಯ ಪಾಠ ಮಾಡಿದ್ದೆ. ಘರ್ಷಣೆ ಎಂದರೇನೆಂದು ಆ ಬೆಳಿಗ್ಗೆ ಗೊತ್ತಾಯಿತು.

ಆದರೂ ಹೇಳುತ್ತೇನೆ: ತಪ್ಪು ಮಿತವ್ಯಯದ್ದಲ್ಲ, ಅದನ್ನು ಬಳಸಿದ ರಸ್ತೆಯದು.

ಶಾಲಿನಿ ಎರಡು ದಿನ ಕೀಲಿಯನ್ನು ತನ್ನ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು.

ನಿಮ್ಮ
ವಸಂತಲಕ್ಷ್ಮಿ


ಎಲೆನ್ಸ್‌ಬರ್ಗ್
೧೭ ಡಿಸೆಂಬರ್ ೨೦೨೪

ವಸಂತಲಕ್ಷ್ಮಿಯವರಿಗೆ,

ರಸ್ತೆಯ ಮೇಲೆ ತಪ್ಪು ಹೊರಿಸಿದ್ದನ್ನು ಓದಿದೆ. ನೀವು ಬದಲಾಗಿಲ್ಲವೆಂದು ತಿಳಿದು ಒಂದು ಬಗೆಯ ಸಮಾಧಾನ. ಶಾಲೆಯಲ್ಲೂ ಹಾಗೆಯೇ: ಗಂಟೆ ತಡವಾಗಿ ಹೊಡೆದರೆ ಗಡಿಯಾರದ ತಪ್ಪು, ವೇಳಾಪಟ್ಟಿ ಕೆಟ್ಟರೆ ಮುದ್ರಣಾಲಯದ ತಪ್ಪು.

ಕುಶಲ ಕೇಳಿದಿರಿ. ಉದಯ್ ಒಳ್ಳೆಯವನು. ಕಾಲೇಜಿನ ಕೆಲಸದಿಂದ ಬಂದವನೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಾನೆ: ‘ಊಟ ಆಯ್ತಾ?’ ನಾನು ತಲೆ ಆಡಿಸುತ್ತೇನೆ. ಹೊರಗೆ ಹೋಗಿ ಎಷ್ಟು ದಿನವಾಯಿತೆಂದು ಡಾಕ್ಟರು ಕೇಳಿದರು. ಕೇಳಿಸಲಿಲ್ಲವೆಂದು ನಟಿಸಿದೆ.

ಕಳೆದ ಜನವರಿಯಲ್ಲಿ ಎಲ್ಲರೂ ಬಂದು ಹೋದರು. ಗಣಿತದ ಮನಸ್ಸು ಕೆಟ್ಟದ್ದು. ಯಾರು ಬರಲಿಲ್ಲವೆಂಬುದನ್ನೂ ಎಣಿಸುತ್ತದೆ.

ಪಂಕಜಾ


ಡುವಾಲ್
೨೦ ಜನವರಿ ೨೦೨೫

ಪ್ರಿಯ ಪಂಕಜಾ ಮೇಡಂ,

ನಿಮ್ಮ ಕಾಗದದ ಕೊನೆಯ ಸಾಲಿಗೆ ಉತ್ತರವನ್ನು ಐದು ಸಲ ಬರೆದು ಹರಿದೆ. ಈಗ ಸಂಕ್ಷೇಪವಾಗಿ: ಅಂದು ಘಟ್ಟದಲ್ಲಿ ಹಿಮ. ಅಳಿಯ ಅನಿಲ್ ಪರದೇಶದಲ್ಲಿದ್ದ, ಶಾಲಿನಿಗೆ ಜ್ವರ. ಯಾರನ್ನೋ ಕೇಳಿದೆ, ಇನ್ಯಾರನ್ನೋ ಕೇಳಿದೆ. ಕೊನೆಗೆ ಕೋಟು ತೊಟ್ಟು, ಶಾಲು ಹೊದ್ದು, ಕೈಚೀಲ ಹಿಡಿದು ಬಾಗಿಲಲ್ಲಿ ಕುಳಿತೆ. ಯಾರೂ ಬರಲಿಲ್ಲ. ಮರುವಾರವೇ ಶಾಲಿನಿಗೆ ‘ನನಗೆ ಡ್ರೈವಿಂಗ್ ಕಲಿಸು’ ಎಂದೆ.

ಈಗ ಸುದ್ದಿ. ಶಾಲಿನಿ ಒಪ್ಪಿದ್ದಾಳೆ! ಅವಳ ಷರತ್ತನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: “ಅಮ್ಮ, ಒಂದು ಸಲ ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಘಟ್ಟದ ಪಾಸ್ ದಾಟಿ ತೋರ್ಸು. ಚಾರ್ಜಿಂದ ಹಿಡ್ದು ಪಾರ್ಕಿಂಗ್ ತನಕ ಎಲ್ಲಾ ನಿಂದೇ. ನಾನು ಬಾಯಿ ಬಿಡಲ್ಲ. ಸರಿಯಾಗಿ ಮಾಡಿದ್ರೆ ಕೀ ನಿಂದು, ಎಲ್ಲಿಗಾದ್ರೂ ಒಬ್ಳೇ ಹೋಗು. ಇಲ್ಲಾಂದ್ರೆ ಡುವಾಲ್ ಬಿಟ್ಟು ಹೊರಗೆ ಓಡ್ಸೋ ಹಾಗಿಲ್ಲ. ಡೀಲಾ?”

ಪರೀಕ್ಷೆ ಎಂದರೆ ಇದು! ಫೆಬ್ರವರಿ ಒಂದು, ಶನಿವಾರ. ಮಧ್ಯಾಹ್ನದ ಊಟಕ್ಕೆ ನಿಮ್ಮಲ್ಲಿರುತ್ತೇವೆ. ಹುಳಿಗೆ ಹುರುಳಿಕಾಯಿ ಹಾಕಿ. ಉಪ್ಪಿನಕಾಯಿ ನಾನು ತರುತ್ತೇನೆ.

ಅತ್ಯಂತ ಉತ್ಸಾಹದಿಂದ,
ವಸಂತಲಕ್ಷ್ಮಿ


ಎಲೆನ್ಸ್‌ಬರ್ಗ್
೫ ಫೆಬ್ರವರಿ ೨೦೨೫

ವಸಂತಲಕ್ಷ್ಮಿ,

ಬಾಗಿಲು ತೆರೆದಾಗ ನೀವು ನಿಂತಿದ್ದಿರಿ. ಹಿಂದೆ ಟ್ರಕ್ಕು, ಅದರ ಮೂತಿಯ ತುಂಬ ಹಿಮ. ಬಾಗಿಲಲ್ಲೇ ನಿಮ್ಮನ್ನು ಬಿಟ್ಟೆನೆಂದು ಬೇಸರಿಸಬೇಡಿ. ಹುಳಿ ಉಕ್ಕುತ್ತಿತ್ತು, ಅದಕ್ಕೇ ಒಳಗೆ ಹೋದೆ.

ಶಾಲಿನಿ ಊಟದ ನಡುವೆ ಕೀಲಿಯನ್ನು ನಿಮ್ಮ ಎಲೆಯ ಪಕ್ಕದಲ್ಲಿಟ್ಟು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಆದರೆ ಅರ್ಥವಾಯಿತು: ತೇರ್ಗಡೆ. ಉದಯ್ ಚಪ್ಪಾಳೆ ತಟ್ಟಿದ. ನಿಮ್ಮ ಮುಖ ಮಾತ್ರ ತೇರ್ಗಡೆಯಾದವರ ಮುಖವಾಗಿರಲಿಲ್ಲ. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ್ದೇನೆ. ಚೀಟಿ ಇಟ್ಟುಕೊಂಡವರ ಮುಖ ನನಗೆ ಗೊತ್ತು.

ದಾರಿಯಲ್ಲಿ ಏನಾಯಿತು?

ಪಂಕಜಾ


ಡುವಾಲ್
೯ ಫೆಬ್ರವರಿ ೨೦೨೫

ಪ್ರಿಯ ಪಂಕಜಾ,

‘ಮೇಡಂ’ ಬಿಟ್ಟಿದ್ದೇನೆ. ಮುಂದೆ ಬರೆಯುವುದನ್ನು ಮೇಡಮ್ಮಿಗೆ ಬರೆಯಲಾರೆ.

ಊರಿಗೆ ಹೊರಡುವ ಹಿಂದಿನ ಸಂಜೆ ನಾವೆಲ್ಲ ಏನು ಮಾಡುತ್ತೇವೆಂದು ನಿಮಗೆ ಗೊತ್ತು. ಗ್ಯಾಸ್ ಬಂದ್ ಮಾಡುತ್ತೇವೆ, ಮಿಕ್ಸಿ, ಟಿ.ವಿ., ಇಸ್ತ್ರಿಪೆಟ್ಟಿಗೆ, ಎಲ್ಲದರ ಪ್ಲಗ್ಗು ಕಿತ್ತಿಡುತ್ತೇವೆ. ನಾನೂ ಮನೆಯಲ್ಲಿ ಒಂದು ಸುತ್ತು ಬಂದೆ. ಕೊನೆಗೆ ಗ್ಯಾರೇಜು. ಗೋಡೆಯ ಪೆಟ್ಟಿಗೆಯಿಂದ ದಪ್ಪ ಕೇಬಲ್ಲು ಟ್ರಕ್ಕಿಗೆ ಸಿಕ್ಕಿಸಿತ್ತು. ದೀಪ ಮಿನುಗುತ್ತಿರಲಿಲ್ಲ, ಚಾರ್ಜು ಮುಗಿದಿದೆಯೆಂದು ತಿಳಿದೆ. ಅದನ್ನೂ ಕಿತ್ತು ಅಂದವಾಗಿ ಸುತ್ತಿಟ್ಟೆ.

ಚಾರ್ಜು ಮುಗಿದಿರಲಿಲ್ಲ. ಶುರುವೇ ಆಗಿರಲಿಲ್ಲ! ನಾವು ಮಲಗಿದ ಮೇಲೆ ತುಂಬಿಕೊಂಡು, ಹೊರಡುವ ಮುನ್ನ ಬ್ಯಾಟರಿಯನ್ನು ಬೆಚ್ಚಗೆ ಮಾಡುವಂತೆ ಅದನ್ನು ನಾನೇ ಹೊಂದಿಸಿದ್ದೆ. ಹೊಂದಿಸಿದ್ದು ಒಂದು ಕೈ, ಕಿತ್ತದ್ದು ಇನ್ನೊಂದು ಕೈ.

ಬೆಳಿಗ್ಗೆ ಮೊದಲ ಇಳಿಜಾರಿನಲ್ಲೇ ಸಂಶಯ ಬಂತು. ಕಾಲೆತ್ತಿದರೆ ವಾಹನ ನಿಧಾನಿಸದೆ ಉರುಳಿಕೊಂಡು ಹೋಯಿತು. ತಣ್ಣಗಿರುವ ಬ್ಯಾಟರಿ ಮರಳಿ ಬರುವ ವಿದ್ಯುತ್ತನ್ನು ಒಳಗೆ ಸೇರಿಸುವುದಿಲ್ಲ. ಗಾಜಿನ ಫಲಕದ ತೆರೆ ನೋಡಿದೆ. ಬ್ಯಾಟರಿ ಅರ್ಧಕ್ಕೂ ಕಡಿಮೆ. ಶಾಲಿನಿ ನೋಡಲಿಲ್ಲ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟವಳು, ಕಣ್ಣನ್ನೂ ಕಿಟಕಿಯ ಹೊರಗೆ ನೆಟ್ಟು ಕುಳಿತಿದ್ದಳು. ನಾರ್ತ್‌ಬೆಂಡ್ ಊರಿನ ತನಕ ಮಿತವ್ಯಯದಲ್ಲಿ, ಹೀಟರ್ ಆರಿಸಿ ಬಂದೆ. ಅಲ್ಲಿ ಚಾರ್ಜರುಗಳ ಮುಂದೆ ಹಿಮದಾಟಕ್ಕೆ ಹೊರಟವರ ವಾಹನಗಳ ಸಾಲು. ರಸ್ತೆಯ ಫಲಕ ಹೇಳುತ್ತಿತ್ತು: ನಾಲ್ಕು ಚಕ್ರಕ್ಕೂ ಬಲವಿರುವ ವಾಹನಗಳ ಹೊರತು ಉಳಿದವು ಜಾರದಂತೆ ಗಾಲಿಗೆ ಸರಪಳಿ ಕಟ್ಟಿಕೊಳ್ಳಬೇಕು, ಬೆಟ್ಟದಿಂದ ಕುಸಿಯಲಿರುವ ಹಿಮವನ್ನು ಮೊದಲೇ ಉರುಳಿಸುವ ಕೆಲಸಕ್ಕಾಗಿ ಮಧ್ಯಾಹ್ನ ಘಟ್ಟ ಮುಚ್ಚುತ್ತದೆ.

ಆಗ ಶಾಲಿನಿ ತೆರೆ ನೋಡಿದಳು.

“ಅಮ್ಮ, ಇದೇನಿದು? ಇಷ್ಟೇನಾ ಇರೋದು?” ಫೋನು ತೆಗೆದು ನೋಡಿ, “ಚಾರ್ಜೇ ಆಗಿಲ್ಲ. ರಾತ್ರಿ ಪವರ್ ಹೋಗಿತ್ತೇನೋ” ಎಂದಳು.

ಡುವಾಲ್‌ನಲ್ಲಿ ಗಾಳಿ ಬೀಸಿದರೆ ಮರ ಬಿದ್ದು ವಿದ್ಯುತ್ ಹೋಗುವುದು ಮಾಮೂಲು. ನಾನು ಏನೆಂದೆ ಗೊತ್ತೇ, ಪಂಕಜಾ? “ಇರಬಹುದು” ಎಂದೆ.

“ಹಾಗಿದ್ರೆ ನಿನ್ ತಪ್ಪೇನಿಲ್ಲ ಬಿಡು. ವಾಪಸ್ ಹೋಗೋಣ. ಇನ್ನೊಂದು ದಿನ ಬರೋಣ.”

“ಇನ್ನೊಂದು ದಿನ ಅನ್ನೋದು ಬರಲ್ಲ, ಶಾಲಿನಿ. ಒಂದು ನಿಮಿಷ ಇರು, ಲೆಕ್ಕ ಹಾಕ್ತೀನಿ.”

ಆ ಬದಿಯ ಮೊದಲ ಚಾರ್ಜರು ಕ್ಲೀ ಎಲಮ್ ಊರಿನಲ್ಲಿ, ಐವತ್ಮೂರು ಮೈಲಿ. ನಾಲ್ಕು ಚಕ್ರಕ್ಕೆ ಹಾಕಿದೊಡನೆ ಉಳಿದ ಚಾರ್ಜಿನಲ್ಲಿ ಹೋಗಬಹುದೆಂದು ತೆರೆ ತೋರಿಸುವ ದೂರ ಎಪ್ಪತ್ತೈದು ಮೈಲಿಗೆ ಇಳಿಯಿತು. ನಡುವೆ ಏರು. ಏರಿಗೆ ಖರ್ಚಾದದ್ದು ನಷ್ಟವಾಗುವುದಿಲ್ಲ, ಎತ್ತರವಾಗಿ ಉಳಿದಿರುತ್ತದೆ. ಏರುವ ದುಡಿಮೆಯಿಂದ ಬ್ಯಾಟರಿ ಬೆಚ್ಚಗಾದರೆ ಇಳಿಯುವಾಗ ಅದನ್ನು ಮರಳಿ ಪಡೆಯಬಹುದು. ಶಾಲಿನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, “ಹೂಂ, ನಡಿ” ಎಂದಳು.

ಆ ಏರನ್ನು ಹೇಗೆ ವರ್ಣಿಸಲಿ! ಎರಡೂ ಬದಿ ಬಿಳಿಯ ಗೋಡೆ, ಮೇಲಿಂದ ಹತ್ತಿಯಂತೆ ಬೀಳುವ ಹಿಮ. ಕಾರುಗಳು ಬದಿಗೆ ನಿಂತಿದ್ದವು. ಜನ ಮಂಡಿಯೂರಿ ಸರಪಳಿ ಕಟ್ಟುತ್ತಿದ್ದರು. ನಾವು ಅವರ ನಡುವೆ ಮೆಲ್ಲಗೆ, ಒಂದೇ ವೇಗದಲ್ಲಿ, ಒಮ್ಮೆಯೂ ಜಾರದೆ ಏರಿದೆವು. ಭಯವೂ ಇತ್ತು, ಆದರೆ ಹೆಚ್ಚಿನ ಪಾಲು ಸಂತೋಷವೇ. ಘಟ್ಟದ ತಲೆ ಮುಟ್ಟಿದಾಗ ತೆರೆ ಇಪ್ಪತ್ತೊಂಬತ್ತು ಮೈಲಿ ಎಂದಿತು. ಕ್ಲೀ ಎಲಮ್‌ಗೆ ಮೂವತ್ತೊಂದು.

ಬೆರಳು ಮಿತವ್ಯಯದ ಕಡೆ ಹೋಯಿತು. ಮುಟ್ಟಿದರೆ ಆ ಎರಡು ಮೈಲಿ ತಕ್ಷಣ ಸಿಗುತ್ತಿತ್ತು. ಆದರೆ ಕೆಳಗೆ ಹಿಮದ ಇಳಿಜಾರು. ಎರಡೇ ಚಕ್ರ ತಡೆದರೆ ಏನಾಗುತ್ತದೆಂದು ನಮ್ಮ ಅಂಚೆಪೆಟ್ಟಿಗೆಗೆ ಗೊತ್ತು. ಕೈ ಹಿಂತೆಗೆದೆ. ಚಕ್ರದಲ್ಲಿ ಉಳಿಸುವ ಬದಲು ವೇಗದಲ್ಲಿ ಉಳಿಸಿದೆ. ಹೀಟರಿನ ಬದಲು ಶಾಲು. ಹಿಂದಿನವರು ಹಾರನ್ ಹೊಡೆದರು, ಹೊಡೆಯಲಿ. ಕಾಲನ್ನು ಕೂದಲೆಳೆಯಷ್ಟು ಎತ್ತಿದೆ.

ವಾಹನ ನಿಧಾನಿಸಿತು! ಬ್ಯಾಟರಿ ಬೆಚ್ಚಗಾಗಿದೆ, ತೆಗೆದುಕೊಳ್ಳುತ್ತಿದೆ! ಇಪ್ಪತ್ತೊಂಬತ್ತು ಹಾಗೆಯೇ ನಿಂತಿತು. ಒಂದು ಮೈಲಿ ಇಳಿದೆವು, ಇಪ್ಪತ್ತೊಂಬತ್ತು. ಇನ್ನೊಂದು ಮೈಲಿ, ಮೂವತ್ತು.

“ಅಮ್ಮ! ಏರ್ತಿದೆ! ನಂಬರ್ ಏರ್ತಿದೆ!”

“ಬಾಯಿ ಬಿಡಲ್ಲ ಅಂದಿದ್ದೆ.”

“ಅಯ್ಯೋ ಹೋಗಮ್ಮ!” ಎಂದು ನನ್ನ ಭುಜಕ್ಕೆ ಗುದ್ದಿದಳು. ನಾವಿಬ್ಬರೂ ಅಷ್ಟು ನಕ್ಕು ಎಷ್ಟೋ ವರ್ಷವಾಗಿತ್ತು. ಕ್ಲೀ ಎಲಮ್‌ನಲ್ಲಿ ಚಾರ್ಜು ಮಾಡಿಕೊಂಡು, ಅಲ್ಲಿಂದ ನಿಮ್ಮೂರಿನವರೆಗೆ ಒಣಗಿದ ರಸ್ತೆಯಲ್ಲಿ ಮಿತವ್ಯಯದಲ್ಲೇ ಬಂದೆ. ಅದಕ್ಕೂ ಒಂದು ಜಾಗವಿದೆ.

ಕೀಲಿ ಈಗ ನನ್ನ ಪರ್ಸಿನಲ್ಲಿದೆ. ಪವರ್ ಹೋಗಿದ್ದರೂ ಅಮ್ಮ ದಾಟಿಸಿದಳೆಂದು ಶಾಲಿನಿ ಕಂಡವರಿಗೆಲ್ಲ ಹೇಳುತ್ತಿದ್ದಾಳೆ. ನಿಜ ಹೇಳಿದರೆ ಕೀಲಿ ಹೋಗುತ್ತದೆ. ಮತ್ತೆ ಕೋಟು ತೊಟ್ಟು ಬಾಗಿಲಲ್ಲಿ ಕೂರಬೇಕು. ಏನು ಮಾಡಲಿ?

ವಸಂತಾ


ಎಲೆನ್ಸ್‌ಬರ್ಗ್
೧೩ ಫೆಬ್ರವರಿ ೨೦೨೫

ವಸಂತಾ,

ಇಳಿಜಾರಿನ ಭಾಗವನ್ನು ಎರಡು ಸಲ ಓದಿದೆ. ಎರಡನೆಯ ಸಲ ಎದ್ದು ನಿಂತು ಓದಿದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿದೆ. ಹತ್ತನೆಯ ತರಗತಿಯ ಪೂರ್ಣಿಮಾ ಪಕ್ಕದವಳ ಉತ್ತರವನ್ನು ನೋಡಿ ಬರೆದಾಗ, ಉತ್ತರ ಸರಿಯಾಗಿದ್ದರೂ ಸೊನ್ನೆ ಕೊಟ್ಟವರು ಯಾರು? ಅವಳ ತಾಯಿ ಬಂದು ಅತ್ತರೂ ಕರಗದವರು ಯಾರು? ಅಂದು ನಾನು ನಿಮ್ಮೊಡನೆ ಜಗಳವಾಡಿದ್ದೆ. ಇಂದು ನಿಮ್ಮ ಪಕ್ಷ.

ಹೇಳಿಬಿಡಿ. ಕೀಲಿ ಹೋದರೆ ಹೋಗಲಿ, ಕಾಗದ ಬರೆಯಿರಿ. ಕಾಯುವುದು ನನಗೆ ಅಭ್ಯಾಸವಾಗಿದೆ.

ಪಂಕಜಾ


ಡುವಾಲ್
೧೮ ಫೆಬ್ರವರಿ ೨೦೨೫

ಪ್ರಿಯ ಪಂಕಜಾ,

ನಿಮ್ಮ ಕಾಗದ ಬಂದ ದಿನವೇ ಹೇಳಬೇಕೆಂದಿದ್ದೆ. ಅಂದು ಅವಳಿಗೆ ತಲೆನೋವು. ಮರುದಿನ 'ಅಳಿಯ ಮನೆಯಲ್ಲಿದ್ದಾನೆ, ಬೇಡ' ಅನ್ನಿಸಿತು. ಕಾರಣಗಳು ನನಗೆ ಯಾವತ್ತೂ ಕಡಿಮೆಯಾಗಿಲ್ಲ.

ನಿನ್ನೆ ಗ್ಯಾರೇಜಿನಲ್ಲಿ ಸದ್ದು ಕೇಳಿ ಹೋದೆ. ಒಬ್ಬ ಎಲೆಕ್ಟ್ರಿಷಿಯನ್ ಗೋಡೆಯ ಚಾರ್ಜರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ತಂತಿಗಳನ್ನೆಲ್ಲ ಹೊರಗೆಳೆದು ಪರೀಕ್ಷಿಸುತ್ತಿದ್ದ. ಆ ರಾತ್ರಿ ನಮ್ಮ ಬೀದಿಯಲ್ಲಿ ಪವರ್ ಹೋಗಿರಲಿಲ್ಲವೆಂದು ಪಕ್ಕದ ಮನೆಯವರಿಂದ ಶಾಲಿನಿಗೆ ತಿಳಿದಿತ್ತು. ಹಾಗಾದರೆ ಪೆಟ್ಟಿಗೆಯೇ ಕೆಟ್ಟಿರಬೇಕೆಂದು ಅವನನ್ನು ಕರೆಸಿದ್ದಳು. ಅವನು ತಲೆ ಕೆರೆದುಕೊಂಡು, ದೋಷ ಸಿಗುತ್ತಿಲ್ಲ, ಹಳೆಯದನ್ನು ಕಿತ್ತು ಹೊಸದು ಹಾಕಿಬಿಡೋಣ ಎನ್ನುತ್ತಿದ್ದ.

ಪಂಕಜಾ, ನಿರ್ದೋಷಿಯಾದ ಒಂದು ಯಂತ್ರವನ್ನು ನನ್ನ ಕಣ್ಣೆದುರಿಗೆ ಗೋಡೆಯಿಂದ ಕೀಳುವುದನ್ನು ನೋಡಲಾಗಲಿಲ್ಲ.

“ಅದಕ್ಕೇನೂ ಆಗಿಲ್ಲ, ಶಾಲಿನಿ. ಪ್ಲಗ್ ಕಿತ್ತಿದ್ದು ನಾನು.”

“ಏನು?”

“ಊರಿಗೆ ಹೊರಡೋ ಮುಂಚೆ ಎಲ್ಲ ಪ್ಲಗ್ ಕೀಳ್ತೀನಲ್ಲ. ಇದನ್ನೂ ಕಿತ್ತೆ. ನಾರ್ತ್‌ಬೆಂಡ್‌ನಲ್ಲೇ ನಂಗೆ ಗೊತ್ತಿತ್ತು.”

ಎಲೆಕ್ಟ್ರಿಷಿಯನ್‌ಗೆ ಕನ್ನಡ ಬಾರದಿದ್ದರೂ ತಂತಿಗಳನ್ನು ಒಂದೊಂದಾಗಿ ಒಳಗೆ ಹಾಕತೊಡಗಿದ. ನಾನು ಪರ್ಸಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದಳು.

ಊಟಕ್ಕೆ ಕುಳಿತಾಗ ಬಾಯಿಬಿಟ್ಟಳು.

“ನೀನು ಪ್ಲಗ್ ಕಿತ್ತಿದ್ದಕ್ಕೆ ನಂಗೆ ಕೋಪ ಇಲ್ಲಮ್ಮ. ಯಾರಾದ್ರೂ ಮಾಡ್ತಾರೆ. ಅಲ್ಲಿ ನಾನು ‘ಹೂಂ ನಡಿ’ ಅಂದ್ನಲ್ಲ, ಅದು ಚಾರ್ಜರ್ ಮೇಲೆ, ಪವರ್ ಮೇಲೆ ಡೌಟ್ ಇಟ್ಕೊಂಡು ಅಂದಿದ್ದು. ಡ್ರೈವರ್ ಮೇಲಲ್ಲ. ಡೇಟಾನೇ ತಪ್ಪು ಕೊಟ್ಟೆ ನೀನು.”

ಈ ಮಾತು ನನಗೆ ತಾಗಿದಷ್ಟು ಇನ್ನಾವುದೂ ತಾಗಲಾರದು. ತಪ್ಪು ಅಂಕಿ ಕೊಟ್ಟು ಸರಿಯುತ್ತರ ಪಡೆದೆ.

“ನಾನು ಫೇಲು, ಗೊತ್ತು. ಡುವಾಲ್ ಬಿಟ್ಟು ಹೊರಗೆ ಓಡಿಸಲ್ಲ” ಎಂದೆ.

“ಯಾರು ಹೇಳಿದ್ದು ಫೇಲು ಅಂತ? ಡ್ರೈವಿಂಗಲ್ಲಿ ಡಿಸ್ಟಿಂಕ್ಷನ್. ಆ ಇಳಿಜಾರಲ್ಲಿ ನಾನಾಗಿದ್ರೆ ಗ್ಯಾರಂಟಿ ಸೇವಿಂಗ್ ಮೋಡ್ ಒತ್ತಿರ್ತಿದ್ದೆ. ಹೇಳೋ ಸಬ್ಜೆಕ್ಟಲ್ಲಿ ಮಾತ್ರ ಸೊನ್ನೆ. ಅದೊಂದೇ ಮತ್ತೆ ಕಟ್ಟು.”

ಮರುಪರೀಕ್ಷೆ ಹೀಗೆ: ಈ ತಿಂಗಳ ಕೊನೆಯವರೆಗೆ ಪ್ರತಿ ಸಂಜೆ ಊಟಕ್ಕೆ ಕುಳಿತಾಗ ಅಂದಿನ ನನ್ನ ತಪ್ಪನ್ನು ನಾನೇ ಹೇಳಬೇಕು. ಕಾರಣ ಸೇರಿಸುವಂತಿಲ್ಲ. ‘ಏಕೆಂದರೆ’ ಎಂದರೆ ಅಂಕ ಹೋಗುತ್ತದೆ.

ಇಂದು ಮೊದಲ ದಿನ. ‘ನಿನ್ನ ಜೊತೆ ಪೇಟೆಗೆ ಹೋದಾಗ ತಿರುವಿನಲ್ಲಿ ಇಂಡಿಕೇಟರ್ ಹಾಕಲಿಲ್ಲ’ ಎಂದೆ. ‘ಏಕೆಂದರೆ’ ತುಟಿಯವರೆಗೆ ಬಂದಿತ್ತು, ಅನ್ನದೊಡನೆ ನುಂಗಿದೆ. ಅನಿಲ್ ಬಗ್ಗಿ ನೀರು ಕುಡಿದ, ನಗುತ್ತಿದ್ದನೆಂದು ಗೊತ್ತು. ಬಹಳ ಕಷ್ಟದ ವಿಷಯ ಕಣ್ರೀ ಇದು. ಗುರುತ್ವಾಕರ್ಷಣೆ ಎಷ್ಟೋ ಸುಲಭ.

ತೇರ್ಗಡೆಯಾದರೆ ಮಾರ್ಚ್ ಒಂದಕ್ಕೆ ಒಬ್ಬಳೇ ಬರುತ್ತೇನೆ. ನಿಮ್ಮನ್ನು ನೋಡಿಕೊಂಡು ಹೋಗಲಿಕ್ಕಲ್ಲ, ಕರೆದುಕೊಂಡು ಹೋಗಲಿಕ್ಕೆ. ಚೀಲ ಕಟ್ಟಿಡಿ.

ನಿಮ್ಮ
ವಸಂತಾ


ಡುವಾಲ್
೯ ಮಾರ್ಚ್ ೨೦೨೫

ಚಿರಂಜೀವಿ ಉದಯ್‌ಗೆ,

ಶಾಲಿನಿ ನಿನಗೆ ಮೆಸೇಜು ಕಳುಹಿಸುತ್ತೇನೆಂದಳು. ಬೇಡ, ನಾನೇ ಬರೆಯುತ್ತೇನೆ ಎಂದೆ. ನಮ್ಮ ಮನೆಯ ಬಿಳಿಯ ಬೋರ್ಡಿನಲ್ಲಿ ಇಷ್ಟು ಹಿಡಿಸುವುದಿಲ್ಲ.

ಅಂದು ವಸಂತಾಳ ಟ್ರಕ್ಕಿಗೆ ಹತ್ತುವಾಗ ನಾನು ಒಮ್ಮೆ ಹಿಂದೆ ಸರಿದದ್ದನ್ನು ನೀನು ನೋಡಿದೆ, ಹೇಳಲಿಲ್ಲ. ಒಳ್ಳೆಯದಾಯಿತು. ಹೇಳಿದ್ದರೆ ಇಳಿದುಬಿಡುತ್ತಿದ್ದೆ. ದಾರಿ ಬದಿಯ ಸರೋವರ ದಾಟುತ್ತಿದ್ದಂತೆ ಹಿಮ ಶುರುವಾಯಿತು. ವಸಂತಾ ಫಲಕ ಮುಟ್ಟಿ, ನನಗೆ ಕೇಳಿಸಲೆಂದು ಇಡೀ ಘಟ್ಟಕ್ಕೆ ಕೇಳಿಸುವಂತೆ “ನಾಲ್ಕು ಚಕ್ರ!” ಎಂದು ಕೂಗಿದಳು. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ. ಮುಚ್ಚಲಿಲ್ಲ. ಮರಗಳು ಹಿಮ ಹೊತ್ತು ಬಾಗಿದ್ದವು, ನಡುವೆ ನಾವಿಬ್ಬರೇ ಹೋಗುತ್ತಿದ್ದೆವು. ಈ ಘಟ್ಟ ದಾಟಲಾರದೆ ಒಬ್ಬಳು ಕೋಟು ತೊಟ್ಟು ಬಾಗಿಲಲ್ಲಿ ಕುಳಿತಿದ್ದಳೆಂದು ನನಗೆ ಗೊತ್ತಿರಲಿಲ್ಲ, ಉದಯ್. ಒಂದು ವರ್ಷ ಅವಳ ಮೇಲೆ ಮುನಿಸಿಕೊಂಡಿದ್ದೆ.

ಇಲ್ಲಿ ನಾಲ್ಕನೆಯ ಮನೆಯಲ್ಲಿ ಪ್ರೇಮಮ್ಮ ಎಂಬವರಿದ್ದಾರೆ, ಚನ್ನಗಿರಿಯ ಕಡೆಯವರು. ಮಗನ ಮನೆಗೆ ಬಂದು ಆರು ತಿಂಗಳಾಯಿತಂತೆ. ನನ್ನನ್ನು ಕಂಡು, “ನಿಮ್ಮನ್ನ ಯಾರ್ ಕರ್ಕಂಡ್ ಬಂದ್ರು, ಮಗನಾ?” ಎಂದು ಕಿವಿಯ ಹತ್ತಿರ ಬಂದು ಕೇಳಿದರು. ವಸಂತಾಳನ್ನು ತೋರಿಸಿದೆ. “ಅಯ್ಯ ಬಿಡ್ರೀ, ಈಯಮ್ಮ ಓಡಿಸ್ತಾರಾ?” ಎಂದರು. ಮರುದಿನ ಬೆಳಿಗ್ಗೆ ಅವರೇ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು, ಶೂ ಹಾಕಿಕೊಂಡು ನಮ್ಮ ಗ್ಯಾರೇಜಿನ ಮುಂದೆ ನಿಂತಿದ್ದರು. ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ಅವರ ತಂಗಿಯ ಮಗಳಿದ್ದಾಳೆ. ಕರೆದೊಯ್ಯಲು ಯಾರಿಗೂ ಬಿಡುವಾಗಿರಲಿಲ್ಲ.

ಹೋಗಿ ಬಂದೆವು. ಆಮೇಲೆ ಅವರನ್ನು ದೇವಸ್ಥಾನಕ್ಕೂ, ನನ್ನನ್ನು ಕಿವಿಯ ಡಾಕ್ಟರ ಹತ್ತಿರಕ್ಕೂ. ಹೊಸ ಯಂತ್ರ ಹಾಕಿಸಿದ್ದೇನೆ, ಶಿಳ್ಳೆ ಹೊಡೆಯುವುದಿಲ್ಲ. ನಾಳೆ ನಾವು ಮೂವರು ಸಮುದ್ರ ನೋಡಲು ಹೊರಟಿದ್ದೇವೆ. ಮುಂದಿನ ಭಾನುವಾರ ನನ್ನನ್ನು ಕರೆದೊಯ್ಯಲು ನೀನು ಬರಬೇಡ. ಬೇಕೆನಿಸಿದಾಗ ವಸಂತಾಳೊಡನೆ ನಾನಾಗಿ ಬರುತ್ತೇನೆ.

ಈಗ ಊಟಕ್ಕೆ ಕುಳಿತಿದ್ದಾಗ ಶಾಲಿನಿ ಕೇಳಿದ್ದು ಹೊಸ ಯಂತ್ರದಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಅಮ್ಮ, ಕೋಳಿ ಮೇವು ತರಬೇಕಿತ್ತು. ಟ್ರಕ್ ನಂಗೆ ಯಾವತ್ತು ಸಿಗತ್ತೆ?”

ವಸಂತಾ ಕೋಸಂಬರಿ ಬಡಿಸಿಕೊಂಡಳು.

“ಬುಧವಾರ ಮಧ್ಯಾಹ್ನ ನೋಡೋಣ. ಮುಂಚೆ ಕೇಳು.”

ಆಶೀರ್ವಾದಗಳು,
ನಿನ್ನ ಅಮ್ಮ